ದೊಡ್ಡಮ್ಮನ ಸಮುದ್ರಕ್ಕೆ ಬಾಗಿನ

ನಾಯಿ ಸಾಕುವವರನ್ನು ನೀವು ನೋಡಿರುತ್ತೀರಿ. ಬೆಕ್ಕು, ಗಿಳಿ, ಪಾರಿವಾಳ ಸಾಕುವವರನ್ನು, ಕೊನೆಗೆ ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡು ಸಾಕುವವರನ್ನೂ ನೋಡಿರುತ್ತೀರಿ. ಸಮುದ್ರ ಸಾಕುವವರನ್ನು ನೋಡಿದ್ದೀರಾ? ನಮ್ಮ ದೊಡ್ಡಮ್ಮ ಸಾಕಿದ್ದಾರೆ. ಅದೂ ಎಲ್ಲಿ? ಕಡಲ ದಂಡೆಯಲ್ಲಲ್ಲ, ಜಾಲಹಳ್ಳಿಯಲ್ಲಿ! ನಲ್ಲಿಯಲ್ಲಿ ನೀರು ಬಂದರೆ ಅಕ್ಕಪಕ್ಕದವರಿಗೆ ಫೋನ್ ಮಾಡಿ ಹೇಳುವಂಥ ಬೀದಿಯಲ್ಲಿ, ಹಾಲ್‌ನಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ. ಹಾಗಾದರೆ ಟಿ.ವಿ. ಎಲ್ಲಿ ಅನ್ನುತ್ತೀರಾ? ಅದು ಅಡುಗೆಮನೆಯಲ್ಲಿ ಫ್ರಿಜ್ಜಿನ ತಲೆ ಮೇಲೆ ಕೂತಿದೆ. ದೊಡ್ಡಪ್ಪ ಕ್ರಿಕೆಟ್ ನೋಡಬೇಕಾದರೆ ಕತ್ತು ಮೇಲೆತ್ತಿಕೊಂಡು, ಒಗ್ಗರಣೆಯ ಘಾಟಿಗೆ ಕೆಮ್ಮುತ್ತಾ ನೋಡುತ್ತಾರೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ದುಡಿಯುವ ವಯಸ್ಸನ್ನೆಲ್ಲ ಕೈಗಡಿಯಾರದ ಕಾರ್ಖಾನೆಯಲ್ಲಿ ಕಳೆದವರು. ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ಸಾಸಿವೆಗಿಂತ ಸಣ್ಣ ಹಲ್ಲುಚಕ್ರಗಳನ್ನು ಅವುಗಳ ಗುಂಡಿಯಲ್ಲಿ ಕೂರಿಸುವುದು ಅವರ ಕೆಲಸ. ಆಗ ನಾವು ಎರಡು ಬೀದಿ ಆಚೆಗಿದ್ದೆವು. ಸೈರನ್ ಕೂಗಿತೆಂದರೆ ಗೇಟಿನಿಂದ ಹೆಂಗಸರ ಸಾಲು ಹೊರಬೀಳುತ್ತಿತ್ತು. ಮುಡಿಯಲ್ಲಿ ಬೆಳಗಿನ ಮಲ್ಲಿಗೆ, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ, ಬಾಯಲ್ಲಿ ಆ ದಿನದ ಸೂಪರ್‌ವೈಸರನ ಅಣಕ. ಆ ಸಾಲಿನಲ್ಲಿ ದೊಡ್ಡಮ್ಮನನ್ನು ಗುರುತಿಸುವುದು ಸುಲಭವಾಗಿತ್ತು. ಭೂತಗನ್ನಡಿಯ ಗುಂಡನೆಯ ಗುರುತು ಕಣ್ಣ ಸುತ್ತ ಹಾಗೇ ಇರುತ್ತಿತ್ತು. ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಡಾಕ್ಟರ ಹತ್ತಿರ ಹೋಗುವ ಮಾತೇ ಇರಲಿಲ್ಲ. ದೊಡ್ಡಮ್ಮ ಚಿಮಟ ತರುತ್ತಿದ್ದರು. ಚುಚ್ಚಿದ್ದು ಗೊತ್ತಾಗಿರುತ್ತಿತ್ತೇ ಹೊರತು ತೆಗೆದದ್ದು ಗೊತ್ತಾಗುತ್ತಿರಲಿಲ್ಲ. ಅಂಥ ಕೈ ಅದು.

ಅವರಿಗೆ ಸಮುದ್ರದ ಹುಚ್ಚು ಹಿಡಿದದ್ದು ಕಾರ್ಖಾನೆ ಬಾಗಿಲು ಹಾಕುವ ಕಾಲಕ್ಕೆ. ಜೋಡಣೆಯ ಸಾಲಿನ ಹೆಂಗಸರೆಲ್ಲ ಸೇರಿ, ಇನ್ನು ಮೇಲೆ ಯಾರು ಎಲ್ಲಿರುತ್ತೇವೋ ಅಂತ ಅತ್ತು ಕರೆದು, ಬಸ್ಸು ಮಾಡಿಕೊಂಡು ಮುರುಡೇಶ್ವರಕ್ಕೆ ಹೋದರು. ಉಳಿದವರೆಲ್ಲ ಅಲೆಯಲ್ಲಿ ಕಾಲು ನೆನೆಸಿ, ಶಂಖ ಕೊಂಡು, ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರೆ ನಮ್ಮ ದೊಡ್ಡಮ್ಮ ನಾಪತ್ತೆ! ಅನ್ನ ಸಾರು ಮುಗಿದು ಮಜ್ಜಿಗೆ ಬರುವ ಹೊತ್ತಿಗೆ ಯಾರಿಗೋ ನೆನಪಾಯಿತು. ಎಲ್ಲರೂ ಎದೆ ಬಡಿದುಕೊಂಡು ದಂಡೆಗೆ ಓಡಿದರೆ, ಈಕೆ ಬಂಡೆಗಳ ಸಂದಿಯಲ್ಲಿ ನಿಂತಿದ್ದ ಒಂದು ಬೊಗಸೆ ನೀರಿನ ಮುಂದೆ ಮಂಡಿಯೂರಿದ್ದಾರೆ. ಸೀರೆಯೆಲ್ಲ ಒದ್ದೆ, ಕಣ್ಣಿಗೆ ಅದೇ ಭೂತಗನ್ನಡಿ. ಬೈಯಲು ಬಾಯಿ ತೆರೆದವರನ್ನು ಕೈಬೀಸಿ ಕರೆದು ಹೇಳಿದರಂತೆ:

“ಒಳಗೆ ಎಲ್ಲಾ ಓಡ್ತಾ ಇದೆ ಕಣ್ರೇ. ಯಾರೂ ಕೀ ಕೊಟ್ಟಿಲ್ಲ.”

ಬರುವಾಗ ಒಂದು ಕ್ಯಾನ್ ಸಮುದ್ರದ ನೀರನ್ನೂ ತಂದರು. ಎಲ್ಲರೂ ಪ್ರಸಾದ ಹಂಚಿದರೆ ಇವರು ನಮಗೆಲ್ಲ ಒಂದೊಂದು ತೊಟ್ಟು ಉಪ್ಪುನೀರು ಹಂಚಿದರು. ವಾರ ಕಳೆಯುವುದರೊಳಗೆ ಆ ಕ್ಯಾನು ಎಂಥ ವಾಸನೆ ಎಬ್ಬಿಸಿತೆಂದರೆ, ಬೀದಿಯವರೆಲ್ಲ ಮೋರಿ ಕಟ್ಟಿಕೊಂಡಿದೆ ಎಂದು ದೂರು ಕೊಟ್ಟರು. ಮುನಿಸಿಪಾಲಿಟಿಯವರು ಬಂದು ಮೋರಿ ಅಗೆದು, ಏನೂ ಸಿಗದೆ, ಬೇಜಾರಿನಿಂದ ಮುಚ್ಚಿ ಹೋದರು. ದೊಡ್ಡಮ್ಮ ಕಿಟಕಿಯಲ್ಲಿ ನಿಂತು ಅವರಿಗೆ ಕಾಫಿ ಬೇಕಾ ಅಂತ ಬೇರೆ ಕೇಳಿದರು.

ಆಮೇಲೆ ಗಾಜಿನ ತೊಟ್ಟಿ ಬಂತು, ಉಪ್ಪಿನ ಪುಡಿ ಬಂತು, ಪಂಪು, ದೀಪ, ಜೀವಂತ ಹವಳ, ಮೀನು ಎಲ್ಲ ಬಂದವು. ಕಾರ್ಖಾನೆ ಮುಚ್ಚಿದ್ದು ಊರಿಗೆ. ದೊಡ್ಡಮ್ಮನ ಹಾಲ್‌ನಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಕೇಸರಿ ಮೈಗೆ ಬಿಳಿ ಪಟ್ಟೆಯಿದ್ದ ಜೋಡಿ ಮೀನುಗಳಲ್ಲಿ ದೊಡ್ಡದು ಫೋರ್‌ಮನ್, ಚಿಕ್ಕದು ಕ್ಲರ್ಕ್. ಕಲ್ಲಿನ ತೂತಿನಲ್ಲಿ ಅಡಗಿಕೊಂಡು, ಯಾರೇ ಬಂದರೂ ತಲೆಯನ್ನಷ್ಟೇ ಹೊರಗೆ ಹಾಕಿ ನೋಡುವ ಮೀನು ಸೆಕ್ಯುರಿಟಿ. ಬಿದ್ದ ಕಾಳು ಕಡ್ಡಿಯನ್ನೆಲ್ಲ ಬಳಿದು ತಿನ್ನುವ ಸೀಗಡಿಗೆ ಕ್ಯಾಂಟೀನ್ ಅಂತ ಹೆಸರು. ತೊಟ್ಟಿಯ ದೀಪ ಹತ್ತುವುದು ಮೊದಲ ಪಾಳಿಯ ಹೊತ್ತಿಗೆ, ಆರುವುದು ಎರಡನೆಯ ಪಾಳಿ ಬಿಡುವ ಹೊತ್ತಿಗೆ. ದೀಪ ಆರಿದ ಮೇಲೆ ಯಾರಾದರೂ ಗಾಜು ಕುಟ್ಟಿದರೆ, ಓವರ್‌ಟೈಮ್ ಯಾರು ಕೊಡ್ತಾರೆ ಅಂತ ರೇಗುತ್ತಿದ್ದರು.

ಒಂದು ದಿನ ಫೋರ್‌ಮನ್ ತೀರಿಕೊಂಡಿತು. ದೊಡ್ಡಮ್ಮ ಅದನ್ನು ದಾಸವಾಳದ ಬುಡದಲ್ಲಿ ಹೂತು ಬಂದರು. ಈ ಜಾತಿಯಲ್ಲಿ ದೊಡ್ಡದು ಹೆಣ್ಣಂತೆ, ಅದು ಸತ್ತರೆ ಉಳಿದ ಗಂಡೇ ನಿಧಾನಕ್ಕೆ ಬೆಳೆದು ಹೆಣ್ಣಾಗುತ್ತದಂತೆ. ಕ್ಲರ್ಕ್ ಹಾಗೆಯೇ ಆಯಿತು, ಫೋರ್‌ಮನ್ ಅನ್ನುವ ಹೆಸರೂ ಅದಕ್ಕೇ ಬಂತು. ಇದನ್ನು ದೊಡ್ಡಮ್ಮ ಎದುರುಮನೆಯಾಕೆಗೆ ಬಿಡಿಸಿ ಹೇಳಿದರು. ಆಕೆ ಕೆನ್ನೆ ಕೆನ್ನೆ ಬಡಿದುಕೊಂಡು, ಇಂಥದ್ದನ್ನೆಲ್ಲ ಮಕ್ಕಳಿರುವ ಬೀದಿಯಲ್ಲಿ ಇಟ್ಟುಕೊಳ್ಳಬಾರದು ಎಂದು ಹೇಳಿ ಹೋದಳು. ಬಾಗಿಲಲ್ಲಿ ಕೂತಿದ್ದ ದೊಡ್ಡಪ್ಪ ನನ್ನ ಕಡೆ ತಿರುಗಿದರು.

“ಅದ್ರಾಗೇನೈತೆ? ಪ್ರಮೋಸನ್ ಸಿಕ್ರೆ ಎಣ್ಣಾಗ್ಬೇಕು ಅಂತ ಆ ಮೀನ್ಗೂ ಗೊತ್ತು. ಈ ಮನೇಲಿ ಮೇಲಿನ್ ಪೋಸ್ಟೆಲ್ಲ ಎಂಗಸ್ರುದೇ ಅಲ್ವಾ?”

ದೊಡ್ಡಪ್ಪನ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಅವರು ಪೀಣ್ಯದ ಮೂಲದವರು. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಲೇತು ಮಿಷನ್ನುಗಳು ತಿರುಗುತ್ತವೆ. ಉಳಿದ ತುಂಡು ಜಾಗದ ಶೆಡ್ಡುಗಳ ಬಾಡಿಗೆ ಇವರಿಗೆ ಬರುತ್ತದೆ. ಅವರಿಗಿದ್ದ ಆಸೆ ಒಂದೇ, ಭಾನುವಾರದ ಮೀನಿನ ಸಾರು, ಮುದ್ದೆ. ತೊಟ್ಟಿ ಬಂದ ಮೊದಲ ಭಾನುವಾರವೇ ದೊಡ್ಡಮ್ಮ ಅದನ್ನು ನಿಲ್ಲಿಸಿದರು. ಅವುಗಳ ಕಣ್ಣೆದುರಿಗೆ ಅವುಗಳ ನೆಂಟರನ್ನು ಹುರಿಯುವುದಕ್ಕೆ ತಮಗೆ ಮನಸ್ಸು ಬರುವುದಿಲ್ಲ ಅಂದುಬಿಟ್ಟರು. ಅಂದಿನಿಂದ ಇಡೀ ಸಮುದ್ರವನ್ನು ಎದುರಿಗಿಟ್ಟುಕೊಂಡು ಸೊಪ್ಪಿನ ಸಾರು ಉಣ್ಣುವ ಏಕೈಕ ಮನುಷ್ಯ ನಮ್ಮ ದೊಡ್ಡಪ್ಪ. ಬಾಡಿಗೆ ವಸೂಲಿ ಅಂತ ಪೀಣ್ಯಕ್ಕೆ ಹೋಗುತ್ತಿದ್ದುದು ಅಲ್ಲಿನ ಮೆಸ್ಸಿನಲ್ಲಿ ಮೀನು ತಿನ್ನುವುದಕ್ಕೆ. ಇಷ್ಟು ಪದೇ ಪದೇ ಬಾಡಿಗೆ ಕೇಳುವ ಓನರ್ ಬೇರೆಲ್ಲೂ ಇಲ್ಲ ಅಂತ ಬಾಡಿಗೆಯವರು ನನ್ನ ಹತ್ತಿರವೇ ಗೋಳಾಡಿದ್ದಾರೆ. ಮನೆಗೆ ಬಂದ ಕೂಡಲೇ ದೊಡ್ಡಮ್ಮ ಅವರ ಕೈ ಮೂಸುತ್ತಿದ್ದರು. ಆ ಕೈಯ ಒಂದು ಬೆರಳನ್ನು ಕೂಡ ತೊಟ್ಟಿಯ ನೀರಿಗೆ ಅದ್ದಬಾರದೆಂದು ಕಟ್ಟಾಜ್ಞೆಯಾಯಿತು. ಆ ಆಜ್ಞೆ ಇಷ್ಟು ವರ್ಷವೂ ನಡೆಯಿತು.

ನಾನು ಈಗ ವೈಟ್‌ಫೀಲ್ಡಿನಲ್ಲಿದ್ದೇನೆ. ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಂದು ನಿದ್ದೆ, ಒಂದು ಜಗಳ, ಎರಡು ಫೋನು ಎಲ್ಲ ಆಗುತ್ತವೆ. ಈಚೆಗೆ ಹಾಗೆ ಹೋಗಿದ್ದಾಗ ದೊಡ್ಡಮ್ಮ ಕಾಫಿ ತಂದುಕೊಟ್ಟರು. ತಟ್ಟೆಯ ಮೇಲೆ ಲೋಟ ಕಿಣಿಕಿಣಿ ಅನ್ನುತ್ತಿತ್ತು. ಮೊದಲು ಲಾರಿ ಹೋಗುತ್ತಿದೆಯೇನೋ ಅಂದುಕೊಂಡೆ. ಬೀದಿಯಲ್ಲಿ ಲಾರಿ ಇರಲಿಲ್ಲ. ದೊಡ್ಡಮ್ಮನ ಬಲಗೈ ನಡುಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಇದು ಹೋಗುವಂಥದ್ದಲ್ಲ, ಹೀಗೇ ಇರುತ್ತದೆ ಎಂದೂ ಹೇಳಿದ್ದಾರೆ ಅಂತ ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ? ಬೇರೆ ಯಾರ ಕೈ ನಡುಗಿದ್ದರೂ ಸಹಿಸಿಕೊಳ್ಳುತ್ತಿದ್ದೆ, ಆ ಕೈ ನಡುಗಬಾರದಿತ್ತು.

ತೊಟ್ಟಿ ಇಕ್ಕಟ್ಟಾಗಿತ್ತು. ಬಂದಾಗ ಹೆಬ್ಬೆರಳಷ್ಟಿದ್ದ ಹವಳಗಳು ಗಾಜಿಗೆ ತಾಗುವಷ್ಟು ಬೆಳೆದಿದ್ದವು. ಆಹಾರ ಹಾಕಲು ಕೈ ಇಳಿಸಿದಾಗ ನಡುಗುವ ಬೆರಳು ತಾಗಿ ಒಂದು ಟೊಂಗೆ ಮುರಿದು ಬಿದ್ದಿತಂತೆ. ಅದರ ಮೇಲೆ ತೊಟ್ಟಿಯ ಮೂಲೆಯ ಅಂಟು ಬಿಟ್ಟು ನೀರು ಜಿನುಗಲು ಶುರುವಾಯಿತು. ದೊಡ್ಡದೊಂದು ತೊಟ್ಟಿಗೆ ಎಲ್ಲವನ್ನೂ ಸಾಗಿಸುವುದು, ಇಲ್ಲವೇ ಸಾಕುಮೀನಿನ ಅಂಗಡಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವುದು, ಎರಡೇ ದಾರಿ. ಅಂಗಡಿಯವನು ತನ್ನ ಕಡೆಯವರನ್ನು ಕಳಿಸಿ ಸಾಗಿಸಿಕೊಡುತ್ತೇನೆ ಅಂದ. ದೊಡ್ಡಮ್ಮ ಒಪ್ಪಲಿಲ್ಲ.

“ನಾನೇ ಸಾಗಿಸ್ತೀನಿ. ಒಂದೇ ಒಂದು ಜೀವ ಹೋದ್ರೂ ಅವತ್ತೇ ಎಲ್ಲಾ ಕೊಟ್ಬಿಟ್ಟು ಟಿ.ವಿ. ತಂದು ಇಲ್ಲಿಡ್ತೀನಿ. ನಡುಗೋ ಕೈಗೆ ಜೀವ ಒಪ್ಪಿಸ್ಬಾರ್ದು ಕಣೇ.”

ಟಿ.ವಿ. ವಾಪಸು ಬರುತ್ತದೆ ಎಂದು ದೊಡ್ಡಪ್ಪ ಖುಷಿಪಡಬೇಕಿತ್ತು, ಅಲ್ಲವೇ? ಅವರು ಸುಮ್ಮನೆ ಎದ್ದು ಪೀಣ್ಯಕ್ಕೆ ಹೋದರು. ಮೆಸ್ಸಿಗಲ್ಲ, ತಮ್ಮ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ರಾಯಚೂರಿನವನ ಹತ್ತಿರ, ತೊಟ್ಟಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸುವುದಕ್ಕೆ. ಅವನು ತಂದಿಟ್ಟು, “ಯಕ್ಕಾ, ಇದರ ಮ್ಯಾಲ ಆನಿ ನಿಂದ್ರಸ್ರಿ, ಏನೂ ಆಗಂಗಿಲ್ಲ” ಅಂದ. ಆನೆ ಇರಲಿ, ದೊಡ್ಡಮ್ಮ ಮೊದಲು ಮಟ್ಟಗೋಲು ಇಟ್ಟರು. ಒಂದು ಮೂಲೆ ಕೂದಲೆಳೆಯಷ್ಟು ತಗ್ಗು ಅಂತ ಅವನನ್ನು ವಾಪಸು ಕಳಿಸಿದರು. ಮತ್ತೆ ತಂದ, ಮತ್ತೆ ಕಳಿಸಿದರು. ಮೂರನೇ ಸಲ ಅವನು ಆನೆಯ ಮಾತೆತ್ತದೆ, ಮಟ್ಟಗೋಲನ್ನು ತಾನೇ ಇಟ್ಟು ತೋರಿಸಿ, ಮಜ್ಜಿಗೆ ಕುಡಿದು ಹೋದ.

ಹೊಸ ತೊಟ್ಟಿಯಲ್ಲಿ ಮೊದಲು ಸಮುದ್ರ ತಯಾರಾಗಬೇಕು. ಶುದ್ಧ ಮಾಡಿದ ನೀರಿಗೆ ಉಪ್ಪು ಕದಡಿ, ಪಂಪು ಬಿಟ್ಟು, ಹದ ನೋಡಿ, ಬೆಚ್ಚಗೆ ಮಾಡಿ ಒಂದು ಹಗಲು ಒಂದು ರಾತ್ರಿ ತಿರುಗಲು ಬಿಡಬೇಕು. ದೊಡ್ಡಮ್ಮ ಅಷ್ಟನ್ನೂ ಮಾಡಿದರು. ಸಾಗಾಣಿಕೆಯ ದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವರು ಸ್ನಾನಕ್ಕೆ ಹೋಗಿದ್ದರು. ಹಾಲ್‌ಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಹೊಸ ಸಮುದ್ರ ಹಳದಿಯಾಗಿತ್ತು! ಸೇವಂತಿಗೆ, ವೀಳ್ಯದೆಲೆ, ಅಕ್ಕಿ, ಬೇಳೆ ಎಲ್ಲ ಪಂಪಿನ ರಭಸಕ್ಕೆ ಗಿರಗಿರ ಸುತ್ತುತ್ತಿದ್ದವು. ಹಸಿರು ಬಳೆಗಳು, ಪುಟ್ಟ ಕನ್ನಡಿ, ಬಾಚಣಿಗೆ ತಳ ಸೇರಿದ್ದವು. ಅದರ ಮುಂದೆ ಪಂಚೆ ಉಟ್ಟು, ವಿಭೂತಿ ಬಳಿದುಕೊಂಡು, ಖಾಲಿ ಮೊರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದೊಡ್ಡಪ್ಪ ಕೈಮುಗಿದು ನಿಂತಿದ್ದರು. ಬಾಗಿನ ಅರ್ಪಿಸಿದ್ದರು!

ತಲೆಗೆ ಟವೆಲ್ ಸುತ್ತಿಕೊಂಡು ಬಂದ ದೊಡ್ಡಮ್ಮ ಕೂಗಾಡುತ್ತಾರೆಂದು ನಾನು ಕಿವಿ ಮುಚ್ಚಿಕೊಳ್ಳಲು ತಯಾರಾದೆ. ಅವರು ಕೂಗಲಿಲ್ಲ. ಮೆಲ್ಲಗೆ ಕುರ್ಚಿ ಎಳೆದು ಕೂತರು. ಅದರಲ್ಲಿ ಮೀನಿಲ್ಲ ಅಂತ ನೋಡಿಕೊಂಡು ತಾನೇ ಹಾಕಿದಿರಿ ಅಂತ ಕೇಳಿದರು.

“ಅಷ್ಟೂ ಗೊತ್ತಾಗಕಿಲ್ವಾ ನಂಗೆ?” ಅಂದರು ದೊಡ್ಡಪ್ಪ. “ಮೀನಿದ್ದಿದ್ರೆ ಇನ್ನೊಂದ್ ಸೇರು ಅಕ್ಕಿ ಆಕ್ತಿದ್ದೆ.”

ಯಾಕೆ ಹೀಗೆ ಮಾಡಿದಿರಿ ಅಂತ ನಾನು ಗದರಿಸಿದ್ದಕ್ಕೆ ಅವರು ಮೊರವನ್ನು ಗೋಡೆಗೆ ಒರಗಿಸಿಟ್ಟು ಹೇಳಿದ್ದಿಷ್ಟು. ಅವರ ಊರ ಕೆರೆ ತುಂಬಿ ಕೋಡಿ ಬಿದ್ದಾಗಲೆಲ್ಲ ಅವರವ್ವ ಬಾಗಿನ ಬಿಡುತ್ತಿದ್ದಳು. ಹಾಗೆ ಬಿಟ್ಟರೆ ಆ ನೀರನ್ನು ನಂಬಿದ ಜೀವಕ್ಕೆಲ್ಲ ಒಳ್ಳೆಯದಾಗುತ್ತದೆ. ಈಗ ಆ ಕೆರೆಯ ಮೇಲೆ ಲಾರಿ ನಿಲ್ಲುತ್ತವೆ. ಆಮೇಲೆ ಅವರ ಕಣ್ಣೆದುರು ತುಂಬಿದ್ದು ಅಂತ ಇದ್ದರೆ ಇದೊಂದೇ. ಒಂದು ಜೀವ ಹೋದರೂ ಇವಳು ಎಲ್ಲಾ ಬಿಟ್ಟುಬಿಡುತ್ತಾಳಲ್ಲ, ಅದಕ್ಕೇ ಬಾಗಿನ ಬಿಟ್ಟೆ ಅಂದರು.

ಆದರೆ ಅರಿಶಿನ ಕುಂಕುಮ ಕಲಸಿದ ನೀರಿಗೆ ಹವಳ ಬಿಡುವುದುಂಟೆ? ಅಷ್ಟೂ ನೀರು ಚೆಲ್ಲಿ, ತೊಟ್ಟಿ ತೊಳೆದು, ಮತ್ತೆ ಮೊದಲಿನಿಂದ ಸಮುದ್ರ ಕದಡಿದ್ದಾಯಿತು. ಇನ್ನೊಂದು ದಿನ ಕಾಯಬೇಕು. ಇತ್ತ ಹಳೆ ತೊಟ್ಟಿಯ ಜಿನುಗು ಧಾರೆಯಾಗತೊಡಗಿತು. ದೊಡ್ಡಪ್ಪ ಬೇಸಿನ್ನು, ಚೊಂಬು, ಒಂದು ಬಿಳಿ ಪಂಚೆ ತಂದು ತೊಟ್ಟಿಯ ಕಾಲಬುಡದಲ್ಲೇ ಕೂತರು. ಬೇಸಿನ್ನಿಗೆ ಬಿದ್ದ ನೀರನ್ನು ಪಂಚೆಯಲ್ಲಿ ಸೋಸಿ, ಚೊಂಬಿನಲ್ಲಿ ಮೇಲಿನಿಂದ ವಾಪಸು ಸುರಿಯುವುದು. ಬೆರಳು ಮಾತ್ರ ನೀರಿಗೆ ತಾಗಬಾರದು! ಊಟ, ಕಾಫಿ ಎಲ್ಲ ಅಲ್ಲೇ. ಅವತ್ತು ಮ್ಯಾಚ್ ಬೇರೆ ಇತ್ತು. ಸ್ಕೋರ್ ಎಷ್ಟು ಅಂತ ಒಂದು ಸಲವೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಶುರುವಾಯಿತು. ಕಲ್ಲುಗಳು ಮೊದಲು, ಆಮೇಲೆ ಹವಳ, ಕೊನೆಗೆ ಮೀನು. ಎಲ್ಲವನ್ನೂ ಹಳೆ ನೀರಿರುವ ಟಬ್ಬುಗಳಲ್ಲಿಟ್ಟು, ಅವಕ್ಕೆ ಹೊಸ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಒಗ್ಗಿದ ಮೇಲೆ ದಾಟಿಸಬೇಕು. ನಾನು ಟಬ್ಬು ಹಿಡಿಯುವವಳು, ದೊಡ್ಡಮ್ಮ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಒಂದೊಂದನ್ನೇ ಎತ್ತುವವರು. ಸೆಕ್ಯುರಿಟಿ ತನ್ನ ತೂತು ಬಿಟ್ಟು ಹೊರಗೆ ಬರಲೇ ಇಲ್ಲ. ಕಲ್ಲಿನ ಸಮೇತ ಪಲ್ಲಕ್ಕಿಯಲ್ಲಿ ಹೋಯಿತು. ಕ್ಯಾಂಟೀನ್ ಟಬ್ಬಿನಿಂದ ಹಾರಿ ನನ್ನ ಕಾಲಮೇಲೆ ಬಿತ್ತು. ನಾನು ಕಿರುಚಿದ ರಭಸಕ್ಕೆ ಎದುರುಮನೆಯಾಕೆ ಬಂದು, ಮಕ್ಕಳಿರುವ ಬೀದಿ ಎಂದು ಮತ್ತೊಮ್ಮೆ ನೆನಪಿಸಿ ಹೋದಳು.

ಕೊನೆಗೆ ಉಳಿದದ್ದು ಬೆರಳುಗಳಂಥ ಉದ್ದುದ್ದ ಎಳೆಗಳ ಒಂದು ದೊಡ್ಡ ಹವಳ, ಮತ್ತು ಅದರೊಳಗೆ ಸೇರಿಕೊಂಡಿದ್ದ ಫೋರ್‌ಮನ್. ಅದರ ಮನೆಯೇ ಆ ಹವಳ. ನೀರಿನ ಓಟಕ್ಕೆ ಎಳೆಗಳು ಸದಾ ತೂಗಾಡುತ್ತಿರುತ್ತವೆ, ಅವುಗಳ ನಡುವೆ ಮೈಯುಜ್ಜಿಕೊಂಡು ಅದು ಮಲಗುತ್ತದೆ. ದೊಡ್ಡಮ್ಮ ಕೈ ಇಳಿಸಿದರು. ಬೆಳಗಿನಿಂದ ದುಡಿದು ಸೋತಿದ್ದ ಕೈ ಜೋರಾಗಿ ನಡುಗಿತು. ನೀರು ಚೆಲ್ಲಿತು. ಕೈ ಹೊರಗೆ ತೆಗೆದರು. ಮತ್ತೆ ಇಳಿಸಿದರು, ಮತ್ತೆ ತೆಗೆದರು. ನಾನು ಎತ್ತಲಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಆಗ ದೊಡ್ಡಮ್ಮ ತಿರುಗದೆಯೇ ಹೇಳಿದರು.

“ರೀ, ಕೈ ತೊಳ್ಕೊಂಡ್ ಬನ್ನಿ.”

ದೊಡ್ಡಪ್ಪ ಎಷ್ಟು ಹೊತ್ತು ಕೈ ತೊಳೆದರೆಂದರೆ, ನಲ್ಲಿ ನಿಂತ ಮೇಲೂ ತೊಳೆಯುತ್ತಲೇ ಇದ್ದರು. ಬಂದು, ತಮ್ಮ ದೊಡ್ಡ ಅಂಗೈಗಳನ್ನು ದೊಡ್ಡಮ್ಮನ ಕೈಗಳ ಕೆಳಗಿಟ್ಟರು. ಇಬ್ಬರೂ ಸೇರಿ ಹವಳವನ್ನು ಮಗುವಿನಂತೆ ಎತ್ತಿ ಟಬ್ಬಿಗೆ, ಟಬ್ಬಿನಿಂದ ಹೊಸ ತೊಟ್ಟಿಗೆ ದಾಟಿಸಿದರು. ಫೋರ್‌ಮನ್ ಒಂದು ಲೋಟದಲ್ಲಿ ಹಿಂದೆಯೇ ಬಂತು. ಎಲ್ಲ ಜೀವಗಳೂ ದಾಟಿದ್ದವು. ನಾನು ಚಪ್ಪಾಳೆ ತಟ್ಟಿದೆ.

ತಟ್ಟಿದ್ದು ಅವಸರವಾಯಿತು. ಹೊಸ ಜಾಗಕ್ಕೆ ಬೆದರಿದ ಹವಳ ತನ್ನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಬರೀ ಕಲ್ಲಾಗಿ ಕೂತಿತು. ಅದು ತೆರೆದುಕೊಳ್ಳಲು ಒಂದು ದಿನ ಆಗಬಹುದು, ಎರಡಾಗಬಹುದು. ಫೋರ್‌ಮನ್ ಕಲ್ಲಿನ ಸುತ್ತ ಸುತ್ತಿತು, ಮೂತಿಯಿಂದ ಕುಟ್ಟಿತು, ಗಾಜಿಗೆ ಹೋಗಿ ಬಡಿದುಕೊಂಡಿತು. ಸಂಜೆಯ ಹೊತ್ತಿಗೆ ಒಂದು ಮೂಲೆಗೆ ಹೋಗಿ, ಒಂದು ಪಕ್ಕಕ್ಕೆ ವಾಲಿ, ಬಾಯಿ ತೆರೆದು ಮುಚ್ಚಿ ಏದುಸಿರು ಬಿಡತೊಡಗಿತು.

“ಹೋಯ್ತು ಕಣೇ,” ಅಂದರು ದೊಡ್ಡಮ್ಮ. “ಅಂಗಡಿಯವನಿಗೆ ಫೋನ್ ಮಾಡು, ಬಂದು ಎಲ್ಲಾ ತಗೊಂಡ್ ಹೋಗ್ಲಿ.”

ನಾನು ಫೋನ್ ಮುಟ್ಟಲಿಲ್ಲ. ಸಾಯುವ ಮೀನನ್ನು ಹಾಗೆ ನೋಡುತ್ತಾ ನಿಲ್ಲಲಾರದೆ, ಬೇರೆ ಇಡುತ್ತೇನೆ ಅಂತ ದೊಡ್ಡಮ್ಮ ಕೈ ಇಳಿಸಿದರು. ಆ ಕೈ ಬೆರಳಿನ ತುದಿಯವರೆಗೂ ನಡುಗುತ್ತಿತ್ತು. ಮೂಲೆಯಲ್ಲಿದ್ದ ಫೋರ್‌ಮನ್ ನೆಟ್ಟಗಾಯಿತು. ಕೈಯ ಕಡೆಗೆ ಬಂತು. ಬೆರಳುಗಳ ಸುತ್ತ ಒಂದು ಸುತ್ತು ಹಾಕಿ, ಮೈ ಉಜ್ಜಿ, ನಡುಬೆರಳು ಉಂಗುರದ ಬೆರಳುಗಳ ನಡುವೆ ನುಗ್ಗಿ ಅಲ್ಲೇ ಸುಮ್ಮನೆ ನಿಂತಿತು. ದೊಡ್ಡಮ್ಮ ಗಾಬರಿಯಾಗಿ, ನಡುಕ ನಿಲ್ಲಿಸಲು ಎಡಗೈಯಿಂದ ಮಣಿಕಟ್ಟು ಹಿಡಿಯಲು ಹೋದರು. ದೊಡ್ಡಪ್ಪ ಆ ಎಡಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

“ಇಡ್ಕಬ್ಯಾಡ ಕಣಮ್ಮಿ. ಅದ್ರ ಮನೆ ಅಂಗೇ ಆಡ್ತಿರ್ತದೆ. ಆಡ್ಲಿ ಬಿಡು.”

ಮೀನಿನ ಏದುಸಿರು ಇಳಿಯಿತು. ದೊಡ್ಡಮ್ಮನ ಕಣ್ಣಿಂದ ನೀರು ಬಂತು, ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ. ನಾನೇ ಅವರ ಸೆರಗು ಹಿಡಿದು ಒರೆಸಿದೆ. ಆ ಸೆರಗಿನೊಳಗೆ ಇಷ್ಟು ದಿನ ಯಾರಿಗೂ ಕಾಣದಂತೆ ಬಚ್ಚಿಟ್ಟುಕೊಂಡಿದ್ದ ಕೈಯನ್ನು ದೊಡ್ಡಮ್ಮ ನಮ್ಮಿಬ್ಬರ ಎದುರಿಗೆ, ಅಷ್ಟು ಬೆಳಕಿನಲ್ಲಿ, ಅದರ ಪಾಡಿಗೆ ನಡುಗಲು ಬಿಟ್ಟರು.